ಬಂದರು ಕಾದ ಕಾಕಾ

ನಮ್ಮ ಮೇಲಿನ ಮನೆಯ ಕಾಕಾನಿಗೆ ಎಡಗಿವಿ ಪೂರ್ತಿ ಸತ್ತುಹೋಗಿತ್ತು. ಯಾರಾದರೂ ಮಾತಾಡಿಸಿದರೆ ಬಲಗಿವಿಯ ಹಿಂದೆ ಅಂಗೈ ಹಿಡಿದು, ಆರಡಿ ಮೈಯನ್ನೆಲ್ಲ ಬಾಗಿಸುತ್ತಿದ್ದರು. ಬಾಗಲಕೋಟೆ ಕಡೆಯವರು. ಹರೆಯದಲ್ಲಿ ಸೈನ್ಯ ಸೇರಿ, ಎಪ್ಪತ್ತೊಂದರ ಯುದ್ಧದ ಕಾಲದಲ್ಲಿ ಬಂದರೊಂದನ್ನು ಕಾಯುವ ಫಿರಂಗಿ ದಳದಲ್ಲಿದ್ದರು. ಆಮೇಲೆ ಜಾಲಹಳ್ಳಿಯ ಕಾರ್ಖಾನೆಯಲ್ಲಿ ದುಡಿದು, ಹೆಂಡತಿ ತೀರಿಕೊಂಡ ಮೇಲೆ ಕೆಂಪಾಪುರದ ನಮ್ಮ ಬಿಲ್ಡಿಂಗಿಗೆ ಬಾಡಿಗೆಗೆ ಬಂದರು. ಬೀದಿಯಲ್ಲಿ ಜಗಳವಾದರೆ "ಜರಾ ತಡೀರಿ" ಎನ್ನುತ್ತಾ ನಡುವೆ ಹೋಗಿ ನಿಲ್ಲುತ್ತಿದ್ದರು. ಗಂಡನನ್ನು ಬಿಟ್ಟು ಬಂದವಳೆಂದು ಓನರ್ ನನ್ನಿಂದ ಮನೆ ಖಾಲಿ ಮಾಡಿಸಲು ಹೊರಟಾಗಲೂ ಕಾಕಾ ಅವರ ಮುಂದೆ ಹಾಗೆಯೇ ನಿಂತಿದ್ದರು.

ಗಡಿಯಲ್ಲಿ ಕಾದಾಟ ನಡೆದ ಬೇಸಿಗೆಯಲ್ಲಿ, ಒಂದು ಸಂಜೆ ನಮ್ಮ ಕಡೆ ವಾಯುದಾಳಿ ತಾಲೀಮಿನ ಸೈರನ್ ಮೊಳಗಿತು. ಎಲ್ಲರೂ ಮೊಬೈಲ್ ಹಿಡಿದು ಟೆರೇಸಿಗೆ ಓಡಿದರು. ಕಾಕಾ ಮಾತ್ರ ಮೆಟ್ಟಿಲ ಮೇಲೆ ಕುಸಿದು ಕೂತಿದ್ದರು. ನೀರು ಕೊಟ್ಟೆ. ಕುಡಿಯಲಿಲ್ಲ.

"ಕತ್ತಲಾದ ಮ್ಯಾಲ ದೀಪದ ಸನ್ನಿ ಕೊಡದ ಯಾವ ದೋಣೀನೂ ಬಂದರದೊಳಗ ಬರೂಹಂಗಿರಲಿಲ್ಲ ತಂಗಿ. ಒಂದು ಬಂತು. ಹುಕುಂ ಆತು, ಹಾರಿಸಿದೆ. ಬೆಳಕಾದ ಮ್ಯಾಲ ನೋಡಿದ್ರ ಮೀನ ಹಿಡಿಯೋ ಮನಶ್ಯಾ. ನಮ್ಮಾಂವನ ಇದ್ದ. ಪಾಪ, ದೀಪದಾಗ ಎಣ್ಣಿ ತೀರಿತ್ತು."

ಯುದ್ಧ ಮುಗಿದ ಮೇಲೆ ರಜೆ ಹಾಕಿ, ಸತ್ತವನ ಹೆಂಡತಿಯನ್ನು ಹುಡುಕಿಕೊಂಡು ಹೋದರಂತೆ, ಕೊಂದವನು ತಾನೇ ಎಂದು ಹೇಳಲು. ಆಕೆ ಇವರನ್ನು ಸಮಾಧಾನ ಹೇಳಲು ಬಂದ ಸಿಪಾಯಿ ಎಂದುಕೊಂಡಳು. ಬಿಸಿಲಲ್ಲಿ ಬಂದಿದ್ದಾರೆಂದು ಊಟಕ್ಕೆ ಕೂರಿಸಿದಳು.

"ಹುಟ್ಟಿದಾಗಿಂದ ಮೀನ ಮುಟ್ಟಿದಾಂವ ಅಲ್ಲ ನಾ. ಆಕಿ ಬಡಿಸಿದ್ಲು, ಉಂಡೆ. ಕೈ ತೊಳಕೊಂಡು ಬಂದುಬಿಟ್ಟೆ. ಬಾಯಿ ಬಿಡಾಕ ಆಗಲಿಲ್ಲ."

ಹೆಬ್ಬಾಳದಲ್ಲಿ ಅರ್ಜಿ ಬರೆದುಕೊಡುವುದು ನನ್ನ ಕೆಲಸ. ಕಾಕಾ ನನ್ನ ಮುಖ ನೋಡಿ ಕೇಳಿದರು: "ನನ್ನ ಕೈ ನಡಗತಾವ. ಆಕಿಗೆ ಒಂದು ಕಾಗದ ಬರದು ಕೊಡ್ತೀಯೇನು? ಆಕಿ ಇಲ್ಲದಿದ್ರ ಆಕಿ ಮಕ್ಕಳಾದ್ರೂ ಓದ್ತಾರ."

"ಆಯ್ತು ಕಾಕಾ, ಭಾನುವಾರ ಕೂತ್ಕೊಂಡು ಬರೆಯೋಣ" ಅಂದೆ. ಆ ವಾರ ಕೆಲಸ ಜಾಸ್ತಿಯಿತ್ತು, ಅಷ್ಟೇ.

ಶುಕ್ರವಾರ ಬೆಳಿಗ್ಗೆ ಹಾಲಿನವನು ಅವರ ಬಾಗಿಲು ಬಡಿದು ಬಡಿದು, ಕೊನೆಗೆ ನನ್ನನ್ನು ಕೂಗಿದ. ಕಾಕಾ ನಿದ್ದೆಯಲ್ಲೇ ಹೋಗಿಬಿಟ್ಟಿದ್ದರು.

ಭಾನುವಾರ ಕಾಗದ ಬರೆದೆ, ಅವರು ಆಡಿದ ಮಾತುಗಳಲ್ಲೇ. ಊರಿಂದ ಬಂದಿದ್ದ ಅವರ ಮಗಳ ಜೊತೆ ಕೂತು ಕಪಾಟು, ಟ್ರಂಕು ಎಲ್ಲ ಹುಡುಕಿದೆ. ಆ ಹೆಂಗಸಿನ ಹೆಸರಾಗಲಿ ಊರಾಗಲಿ ಎಲ್ಲೂ ಇರಲಿಲ್ಲ. ಮಗಳಿಗೆ ಈ ಸಂಗತಿಯೇ ಗೊತ್ತಿರಲಿಲ್ಲ. ಅವತ್ತು ಮೆಟ್ಟಿಲ ಮೇಲೆ ನಾನು ಪೆನ್ನು ತೆಗೆದಿದ್ದರೆ ಹೆಸರು, ಊರು ಎರಡನ್ನೂ ಕಾಕಾ ಹೇಳುತ್ತಿದ್ದರು.