ಹಾಳೆಯ ಮೇಲಿನ ನಾಲ್ಕು ಬೆರಳು ಜಾಗ

ಅರ್ಜಿ ಬರೆಯುವಾಗ ಹಾಳೆಯ ಮೇಲ್ಭಾಗದಲ್ಲಿ ನಾಲ್ಕು ಬೆರಳಿನಷ್ಟು ಜಾಗ ಬಿಡಬೇಕು. ತಾಲ್ಲೂಕು ಕಚೇರಿಯ ಮುಂದೆ ಮೇಜು ಹಾಕಿಕೊಂಡು ಕೂತ ಮೊದಲ ದಿನ ನನಗೆ ಕಲಿಸಿದ್ದು ಇದನ್ನೇ. ಆ ಜಾಗ ಸಾಹೇಬರದು. ಅವರು ಅಲ್ಲಿ ತಮ್ಮ ಷರಾ ಬರೆದು ಮುಂದಿನ ಮೇಜಿಗೆ ಕಳಿಸುತ್ತಾರೆ. ಜಾಗ ಬಿಡದ ಅರ್ಜಿ ಮರ್ಯಾದೆ ತಿಳಿಯದವನ ಅರ್ಜಿ. ಇಷ್ಟು ವರ್ಷದಲ್ಲಿ ನಾನು ಒಮ್ಮೆಯೂ ಅದನ್ನು ಮರೆತಿರಲಿಲ್ಲ.

ನಮ್ಮ ಊರಿನ ಹಳೇ ಗಾಡಿ ನಿಲ್ದಾಣ ಪುರಸಭೆಯ ಜಾಗ. ಸಂತೆಗೆ ಬರುತ್ತಿದ್ದ ಎತ್ತಿನ ಗಾಡಿಗಳು ಅಲ್ಲಿ ನಿಲ್ಲುತ್ತಿದ್ದವು. ಗಾಡಿಗಳು ಹೋದವು, ಗಾಡಿಗೆ ಚಕ್ರ ಮಾಡುತ್ತಿದ್ದ ಚಾಚಾ ಉಳಿದರು. ಹೊಂಗೆ ಮರದ ಕೆಳಗಿನ ತಗಡಿನ ಶೆಡ್ಡಿನಲ್ಲಿ ಈಗ ಮಂಚ ಮಾಡುತ್ತಾರೆ, ಹೊಗೆಸೊಪ್ಪು ಬೇಯಿಸಿ ಹದ ಮಾಡುವ ಬ್ಯಾರನ್ನುಗಳಿಗೆ ಬಾಗಿಲು ಮಾಡುತ್ತಾರೆ. ನನ್ನ ಮೇಜೂ ಅವರು ಮಾಡಿದ್ದೇ. ಅವರ ಪಕ್ಕದಲ್ಲಿ, ರಾವಂದೂರಿನಿಂದ ಬೆಳಗಿನ ಬಸ್ಸಿಗೆ ಬಂದು ಸೊಪ್ಪು ಹರವಿಕೊಳ್ಳುವ ಅಕ್ಕ.

ಆ ಜಾಗದಲ್ಲಿ ಏನು ಕಟ್ಟಬೇಕೆಂದು ಜನರನ್ನೇ ಕೇಳುತ್ತೇವೆ ಎಂದು ಸಭೆ ಕರೆದರು. ಮುಂದೆ ನಿಂತು ಕರೆಸಿದವನು ನಮ್ಮ ವಾರ್ಡಿನ ಸದಸ್ಯ, ಹೈಸ್ಕೂಲಿನಲ್ಲಿ ನನ್ನ ಬೆಂಚಿನವನು. ಮರದ ಕೆಳಗೇ ಶಾಮಿಯಾನ ಹಾಕಿಸಿದ್ದ. ಜನ ಚಾವಣಿ ಕೇಳಿದರು. ಸೊಪ್ಪಿನವರಿಗೆ ಕಟ್ಟೆ, ಒಂದು ನಲ್ಲಿ, ಹೆಂಗಸರಿಗೆ ಶೌಚಾಲಯ ಕೇಳಿದರು. ಮರ ಕಡಿಯಬಾರದು, ಈಗ ಕೂತವರು ಕೂತಲ್ಲೇ ಇರಬೇಕು ಎಂದರು. ಅಂಗಡಿ ಕಾಂಪ್ಲೆಕ್ಸ್ ಬೇಕೆಂದು ಒಬ್ಬರೂ ಹೇಳಲಿಲ್ಲ. ಯೋಚಿಸಿಯೇ ಬರೆಯುತ್ತಿದ್ದೇನೆ: ಒಬ್ಬರೂ ಹೇಳಲಿಲ್ಲ.

ಚಾಚಾ ಎದ್ದು ನಿಂತು ಕೇಳಿದ್ದು ಒಂದೇ ಮಾತು. "ನನ್ ಶೆಡ್ಡು ಇಲ್ಲೇ ಇರ್ತದಾ ಸ್ವಾಮಿ?"

ಸದಸ್ಯ ಅವರ ಹೆಗಲ ಮೇಲೆ ಕೈಯಿಟ್ಟ. "ನೀವಿಲ್ದೆ ಈ ಜಾಗ ಯಾಕೆ ಬೇಕು ಚಾಚಾ? ಸುಮ್ನೆ ಕೂತ್ಕೊಳಿ."

ಸಭೆ ಮುಗಿಯುವ ಹೊತ್ತಿಗೆ ಅವನು ನನ್ನ ಬಳಿ ಬಂದ. "ಬಂದವ್ರ ಸಹಿ ತಗೊಳ್ಲಾ. ನಿನ್ ಅಕ್ಷರ ಕಂಡ್ರೆ ಜನ ನಂಬ್ತಾರೆ ಕಣ. ತಲೆಬರಹ ಬ್ಯಾಡ, ಆಫೀಸ್ನೋರು ಹಾಕ್ಕತಾರೆ."

ನಾನು ಹಾಳೆಗೆ ಗೆರೆ ಹಾಕಿ, ಸಾಲಿಗೊಂದು ಅಂಕಿ ಬರೆದೆ. ಮೇಲೆ ನಾಲ್ಕು ಬೆರಳು ಜಾಗ ಬಿಟ್ಟೆ. ಮೊದಲ ಸಹಿ ನನ್ನದೇ.

"ಇದ್ರಲ್ಲಿ ಏನ್ ಬರ್ದಿದೆ?" ಎಂದು ಚಾಚಾ ಕೇಳಿದರು.

"ಏನೂ ಇಲ್ಲ ಚಾಚಾ, ನೀವು ಬಂದಿದ್ರಿ ಅನ್ನೋದಕ್ಕೆ ಅಷ್ಟೆ."

"ನೀವೇ ಬರ್ದ್ ಮೇಲೆ ಆಯ್ತು ಬುಡಿ" ಎಂದು ಉರ್ದುವಿನಲ್ಲಿ ಸಹಿ ಮಾಡಿದರು. ಸೊಪ್ಪಿನ ಅಕ್ಕ ಹೆಬ್ಬೆಟ್ಟು ಒತ್ತಿ, ಬೆರಳನ್ನು ಸೆರಗಿಗೆ ಒರೆಸಿಕೊಳ್ಳುತ್ತಾ, "ಈ ಮಸಿ ಕೊತ್ಮೀರಿಗೆ ಅಂಟುದ್ರೆ ಆ ಕಟ್ಟೆಲ್ಲ ನೀನೇ ತಗಬೇಕು ಕಣಪ್ಪ" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಮಳೆಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ ಶೆಡ್ಡಿನ ತಗಡಿಗೆ ನೋಟಿಸು ಅಂಟಿಸಿದ್ದರು. ಜೊತೆಗೆ ನನ್ನ ಹಾಳೆಯ ಜೆರಾಕ್ಸ್. ಗೆರೆ ನನ್ನದು, ಅಂಕಿ ನನ್ನದು. ಮೇಲಿನ ಜಾಗದಲ್ಲಿ ಮಾತ್ರ ಟೈಪು ಮಾಡಿದ ಮೂರು ಸಾಲು. ಕೆಳಗೆ ಸಹಿ ಮಾಡಿರುವ ನಾವು ವಾಣಿಜ್ಯ ಸಂಕೀರ್ಣಕ್ಕೆ ಸ್ವಇಚ್ಛೆಯಿಂದ ಒಪ್ಪಿ, ಸದರಿ ಜಾಗವನ್ನು ತೆರವು ಮಾಡಿಕೊಡುತ್ತೇವೆ ಎಂದು. ಸಾಲುಗಳು ಅಳತೆ ತೆಗೆದು ಮಾಡಿಸಿದಂತೆ ಕೂತಿದ್ದವು. ಮೂರು ಸಲ ಓದಿದೆ.

ಸದಸ್ಯನ ಮನೆಗೆ ಹೋದೆ. ಕೂರಿಸಿ ಕಾಫಿ ತರಿಸಿದ.

"ಕಾಂಪ್ಲೆಕ್ಸ್ ಯಾರು ಕೇಳುದ್ರು?" ಎಂದೆ.

"ಸಭೆ ಆಗಿದ್ದು ಸುಳ್ಳೇನ್ಲಾ? ಸಹಿ ಸುಳ್ಳಾ?"

"ಯಾರೂ ಕೇಳ್ಲಿಲ್ಲ."

"ಊರು ಬೆಳೀಬೇಕು ಕಣ. ಮೊದಲ್ನೇ ಸಹಿ ಯಾರ್ದು ಅಂತ ನೋಡ್ಕೋ ಓಗು. ಕಾಫಿ ಆರೋಯ್ತದೆ, ಕುಡಿ."

ಅವನ ಮುಖದಲ್ಲಿ ಕೋಪವಿರಲಿಲ್ಲ, ನಾಚಿಕೆಯೂ ಇರಲಿಲ್ಲ. ಲೋಟ ಹಾಗೇ ಇಟ್ಟು ಬಂದೆ.

ಚಾಚಾ ಹಲಗೆ ಉಜ್ಜುತ್ತಿದ್ದರು. ತಲೆ ಎತ್ತದೆ, "ನಿಮ್ಗೆ ಗೊತ್ತಿತ್ತಾ?" ಎಂದರು.

"ಇಲ್ಲ ಚಾಚಾ."

"ಮೇಲೆ ಅಷ್ಟು ಜಾಗ ಯಾಕ್ ಬಿಟ್ರಿ? ನಾನು ಬಾಗ್ಲು ಕೂರಿಸ್ವಾಗ ಒಂದು ಬೆರಳು ಸಂದಿ ಬಿಟ್ರೆ ಹಾವು ಬತ್ತದೆ ಅಂತ ಬೈತೀರಿ."

ಮರ್ಯಾದೆಗೆಂದು ಬಿಟ್ಟ ಜಾಗ ಅದು. ನಾನು ತಗಡಿನ ಮೇಲಿನ ನೋಟಿಸನ್ನು ಮತ್ತೆ ಓದಿದೆ.

ಆಕ್ಷೇಪಣೆ ಸಲ್ಲಿಸಲು ನೋಟಿಸಿನಲ್ಲಿ ಗಡುವು ಕೊಟ್ಟಿದ್ದರು. ಮನೆಯಲ್ಲಿ ಕೂತು ಬರೆದೆ. ಮೊದಲ ಸಲ ಹಾಳೆಯ ಅಂಚಿನಿಂದಲೇ ಶುರು ಮಾಡಿದೆ. ಸಭೆಯಲ್ಲಿ ಯಾರು ಏನು ಕೇಳಿದರು, ಹಾಳೆ ಖಾಲಿ ಇದ್ದದ್ದು, ಖಾಲಿ ಬಿಟ್ಟವನು ನಾನೇ ಎಂಬುದು, ಎಲ್ಲ ಬರೆದೆ. ಮರದ ಕೆಳಗೆ ನಿಂತು ಓದಿ ಹೇಳಿದೆ.

ಅಕ್ಕ ಸೊಪ್ಪಿಗೆ ನೀರು ಚಿಮುಕಿಸುತ್ತಾ, "ಓದಿದ್ದು ಕೇಳಿಸ್ಕಂಡೋ ಕಣಪ್ಪ. ಬರ್ದಿರೋದೂ ಅದೇನಾ ಅಂತ ಯಾರ್ ಯೋಳರು?" ಎಂದಳು. ಈ ಸಲ ಯಾರೂ ನಗಲಿಲ್ಲ.

ಚಾಚಾ ನನ್ನ ಕೈಯಿಂದ ಹಾಳೆ ತೆಗೆದುಕೊಂಡು ರಸ್ತೆ ದಾಟಿ ಮೆಡಿಕಲ್ ಸ್ಟೋರಿಗೆ ಹೋದರು. ಅಲ್ಲಿಯವನು ಕನ್ನಡಕ ಹಾಕಿಕೊಂಡು ಸಾಲು ಸಾಲಾಗಿ ಓದಿ ಹೇಳುವುದು ಕಾಣುತ್ತಿತ್ತು, ಕೇಳುತ್ತಿರಲಿಲ್ಲ. ನಾನು ಶೆಡ್ಡಿನ ಪಕ್ಕದಲ್ಲಿ ನಿಂತು ಕಾದೆ.

ಅವರು ಬಂದು ಸಹಿ ಮಾಡಿದರು. ಅಕ್ಕ ಹೆಬ್ಬೆಟ್ಟು ಒತ್ತಿದಳು. ಆಮೇಲೆ ಚಾಚಾ ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು, ಹಾಳೆಯ ಕೆಳಗೆ ಉಳಿದಿದ್ದ ಖಾಲಿ ಜಾಗಕ್ಕೆ ಅಂಚಿನಿಂದ ಅಂಚಿಗೆ ಗೆರೆ ಎಳೆದು, ನನ್ನ ಕೈಗೆ ಕೊಟ್ಟರು.