ಬಾಯಾರಿದರೂ ಬಾಡದ ಹೂಗಳು

ಕಣ್ಣಿಗಿಂತ ಕಿವಿಯನ್ನೇ ಹೆಚ್ಚು ನಂಬಿ ಬಾಳಿದ ಹೆಂಗಸು ಹಲೋ ಅಕ್ಕ. ಟೆಲಿಫೋನ್ ಕಚೇರಿಯಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಊರಿಂದೂರಿಗೆ ಮಾತು ಜೋಡಿಸುತ್ತ ಜೋಡಿಸುತ್ತಲೇ ಅವಳ ತಲೆ ನರೆಯಿತು. ಆ ತುದಿಯವರು ‘ಹಲೋ’ ಅಂದ ಒಂದೇ ಉಸಿರಿಗೆ, ಬರುತ್ತಿರುವುದು ಹೆರಿಗೆಯ ಸುದ್ದಿಯೋ ಸಾವಿನ ಸುದ್ದಿಯೋ ಅವಳಿಗೆ ತಿಳಿದುಹೋಗುತ್ತಿತ್ತು. ಕಾಲ ಬದಲಾಗಿ ಆ ಕಚೇರಿಗೇ ಬೀಗ ಬಿತ್ತು. ಬೀದಿಯವರು ಇಟ್ಟ ಹೆಸರು ಮಾತ್ರ ಅಂಟಿಕೊಂಡೇ ಉಳಿಯಿತು.

ಕೆಲಸಕ್ಕೆ ಸೇರಿದ ದಿನವೇ ಅವಳಿಗೆ ಹೇಳಿಕೊಟ್ಟ ಪಾಠ ಒಂದೇ: ಲೈನಿನಲ್ಲಿ ಇರು, ಬಾಯಿ ಹಾಕಬೇಡ. ಕಚೇರಿಯಲ್ಲಿ ಅದನ್ನು ಚಾಚೂ ತಪ್ಪದೆ ಪಾಲಿಸಿದಳು. ಅಲ್ಲಿ ಕಟ್ಟಿಟ್ಟ ಮಾತನ್ನೆಲ್ಲ ಮನೆಗೆ ಬಂದು ಕಟ್ಟೆ ಒಡೆದು ಹರಿಸುತ್ತಿದ್ದಳು. ಗಂಡ ಇರುವ ತನಕ ಅದು ಅವನ ಪಾಲಿಗೆ ಬರುತ್ತಿತ್ತು. ಪುಣ್ಯಾತ್ಮ, ನಗುತ್ತಲೇ ಕೇಳಿಸಿಕೊಂಡು ಹೋದ. ಮಕ್ಕಳಿರಲಿಲ್ಲ. ಆಮೇಲೆ ಉಳಿದವಳು ಬೆನ್ನಿಗೆ ಬಿದ್ದ ತಂಗಿ ಒಬ್ಬಳೇ.

ತಂಗಿಯದು ದೊಡ್ಡ ಕೈ. ವಿದ್ಯಾರ್ಥಿಗಳ ಹಾಸ್ಟೆಲಿನಲ್ಲಿ ಅಡುಗೆ ಮಾಡಿ, ಸಾಕು ಅಂದವರಿಗೂ ಇನ್ನೊಂದು ಸೌಟು ಬಡಿಸಿ ಅಭ್ಯಾಸವಾದ ಕೈ. ಒಮ್ಮೆ ಅಕ್ಕ ಊರಿಗೆ ಹೋಗುವಾಗ ತನ್ನ ಡೇಲಿಯಾ ಕುಂಡಗಳನ್ನು ಅವಳಿಗೆ ಒಪ್ಪಿಸಿ ಹೋದಳು. ತಂಗಿ ಗಿಡಕ್ಕೂ ಹಾಸ್ಟೆಲಿನ ಲೆಕ್ಕದಲ್ಲೇ ನೀರು ಬಡಿಸಿದಳು. ಅಕ್ಕ ತಿರುಗಿ ಬಂದಾಗ ಒಂದೊಂದು ಕುಂಡವೂ ಕೆಸರುಗುಂಡಿ, ಒಂದೊಂದು ಗೆಡ್ಡೆಯೂ ಕೊಳೆತು ನಾರುತ್ತಿತ್ತು. ಅಕ್ಕಪಕ್ಕದವರು ನೋಡುತ್ತ ನಿಂತಿದ್ದಾಗಲೇ ಅಕ್ಕನ ನಾಲಿಗೆ ಸಡಿಲವಾಯಿತು.

“ನಿನ್ನ ಕೈ ತಾಗಿದ್ರೆ ಕಳ್ಳಿ ಗಿಡವೂ ಕೊಳೆಯುತ್ತೆ ಕಣೇ.”

ತಂಗಿ ಬ್ಯಾಗು ಎತ್ತಿಕೊಂಡು ಸಂಜೆಯ ಬಸ್ಸಿಗೆ ಮಗನ ಊರಿಗೆ ಹೋದಳು. ಮಾತು ಬಿಡಲಿಲ್ಲ, ಆದರೆ ಆಮೇಲೆ ಅಕ್ಕನ ಮನೆಯಲ್ಲಿ ಒಂದು ರಾತ್ರಿ ಕೂಡ ಉಳಿಯಲಿಲ್ಲ. ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು.

ಹೀಗಿರುವಾಗ ಅಕ್ಕನ ಮಂಡಿ ಕೈಕೊಟ್ಟಿತು. ಡಾಕ್ಟರು ಆಪರೇಷನ್ ಆಗಲೇಬೇಕು ಅಂದರು. ಆದಮೇಲೆ ಬಹಳ ಕಾಲ ಬಗ್ಗುವಂತಿಲ್ಲ, ಕುಕ್ಕರಗಾಲಲ್ಲಿ ಕೂರುವುದನ್ನಂತೂ ಮರೆತುಬಿಡಿ ಅಂದರು. ಬಗ್ಗದೆ ತೋಟ ಮಾಡುವುದು ಹೇಗೆ? ಮುಂದಿನ ಅಂಗಳದ ನಾಜೂಕು ಹೂಗಳನ್ನೆಲ್ಲ ಕೇಳಿದವರಿಗೆ ಕೊಟ್ಟು, ಊರುಗೋಲು ಹಿಡಿದು ನರ್ಸರಿಗೆ ಹೋದಳು.

“ಚೆಂದ ಇರೋದು ಬೇಡಪ್ಪ, ಬಾಳಿಕೆ ಬರೋದು ಕೊಡು. ಒಂದು ಸಲ ಬೇರು ಬಿಟ್ರೆ ವರ್ಷವರ್ಷ ತಾವೇ ಹೂ ಬಿಡ್ಬೇಕು.”

“ಅಳಿಯನ್ನ ಹುಡುಕೋ ಹಾಗೆ ಕೇಳ್ತೀರಲ್ಲಮ್ಮ,” ಎಂದ ನರ್ಸರಿಯವನು.

“ಅಳಿಯ ಕೆಟ್ರೆ ಮಗಳು ನೋಡ್ಕೋತಾಳೆ. ಗಿಡ ಕೆಟ್ರೆ ನಾನೇ ಬಗ್ಬೇಕು. ಮಂಡಿ ಕುಯ್ಯಿಸ್ಕೋತಾ ಇದೀನಿ.”

ಅವನು ನೆರಳು ಬಲೆಯ ಕೆಳಗೆ ತಳತಳ ಹೊಳೆಯುತ್ತಿದ್ದ ಸಾಲುಗಳನ್ನು ದಾಟಿಸಿ, ಹಿಂಬದಿಯ ಕಾಂಪೌಂಡಿನ ಮೂಲೆಗೆ ಅವಳನ್ನು ಕರೆದುಕೊಂಡು ಹೋದ. ಅಲ್ಲಿಗೆ ನೀರಿನ ಪೈಪು ಮುಟ್ಟುತ್ತಿರಲಿಲ್ಲ. ಮಾರಾಟವಾಗದೆ ಉಳಿದವು, ಚೀಲ ಹರಿದವು, ಯಾರಿಗೂ ಬೇಡವಾದವು ಅಲ್ಲಿ ಬಿಸಿಲಿಗೆ ಮೈಯೊಡ್ಡಿ ಬಿದ್ದಿದ್ದವು. ಬಿದ್ದಲ್ಲೇ ಕೆಲವು ಹೂ ಬಿಟ್ಟಿದ್ದವು.

“ಇಲ್ಲಿ ಬದುಕಿರೋದನ್ನೇ ಆರಿಸ್ಕೊಳ್ಳಿ. ಮುಂದೆ ಇರೋವು ಮುದ್ದಿನ ಮಕ್ಕಳು, ಇವು ಬೈಗುಳ ತಿಂದು ಬೆಳೆದವು.”

ಅಕ್ಕನಿಗೆ ಅವನ ಮಾತು ಹಿಡಿಸಿತು. ನಿತ್ಯಪುಷ್ಪ ಆರಿಸಿದಳು, ಬಿಳಿಯದೂ ನಸುಗೆಂಪಿನದೂ. ಸಂಜೆಮಲ್ಲಿಗೆ ಮೇಲೆ ಪೂರ್ತಿ ಒಣಗಿದ ಹಾಗಿತ್ತು. ನರ್ಸರಿಯವನು ಮಣ್ಣು ಕೆದಕಿ ಕೆಳಗಿನ ಗೆಡ್ಡೆ ತೋರಿಸಿ, “ಸತ್ತ ಹಾಗೆ ನಾಟಕ ಮಾಡುತ್ತಮ್ಮ. ಹೊಗಳಿದ್ರೂ ಏಳುತ್ತೆ, ಬೈದ್ರೂ ಏಳುತ್ತೆ,” ಎಂದ. ಗೇಟಿನ ಮೇಲೆ ಹಬ್ಬಿಸಲು ಕಾಗದದ ಹೂವಿನ ಬಳ್ಳಿ, ಗೋಡೆಯ ಬದಿಗೆ ಒಂದು ಕಣಗಿಲೆ. ಕೊನೆಗೆ, ಬಾಳೆಯಂಥ ಅಗಲ ಎಲೆಯ ಕಾಬಾಳೆಯ ಮೇಲೆ ಅವಳ ಕಣ್ಣು ಬಿತ್ತು. ಅದು ಆ ಮೂಲೆಯಲ್ಲಿರಲಿಲ್ಲ, ನೀರಿನ ತೊಟ್ಟಿಯ ಪಕ್ಕದಲ್ಲಿ ಸೊಕ್ಕಿ ನಿಂತಿತ್ತು.

“ಅದು ಕುಡುಕ ಜಾತಿ. ಬೇಕಿದ್ರೆ ಮೋರಿ ಪಕ್ಕ ಹಾಕಿ, ಎಷ್ಟು ಸುರಿದ್ರೂ ಬೇಡ ಅನ್ನಲ್ಲ. ಆದ್ರೆ ಒಂದು ಮಾತು ನೆನಪಿಟ್ಕೊಳ್ಳಿ. ಮಿಕ್ಕವು ಬಾಯಾರಿಕೆಗೆ ಹೆದರಲ್ಲ, ನೀರಿಗೆ ಹೆದರ್ತಾವೆ. ದಿನಾ ಸುರಿದ್ರೆ ಬೇರು ಕೊಳೆತು ಹೋಗುತ್ತೆ.”

“ದಿನಾ ಸುರಿಯೋರು ನಮ್ಮನೇಲಿ ಯಾರೂ ಇಲ್ಲಪ್ಪ,” ಎಂದಳು ಅಕ್ಕ.

ಅವನೇ ಬಂದು ಗುಂಡಿ ತೋಡಿ ನೆಟ್ಟುಕೊಟ್ಟ. ಕಾಬಾಳೆಯನ್ನು ಮೆಟ್ಟಿಲ ನೀರು ಹರಿದುಹೋಗುವ ಮೋರಿಯ ಬಾಯಿಗೆ ಹಾಕಿದ. ತಿಂಗಳುಗಳು ಕಳೆದು ಆಪರೇಷನ್ನಿನ ಹೊತ್ತಿಗೆ ಎಲ್ಲವೂ ಬೇರು ಹಿಡಿದು ಚಿಗುರಿದ್ದವು. ಆಗ ಅಕ್ಕನಿಗೆ ಹೊಳೆಯಿತು: ಗಿಡಕ್ಕೇನೋ ಆಳು ಬೇಡ, ತನಗೆ ಬೇಕಲ್ಲ. ಹಾಸಿಗೆಯಿಂದ ಎಬ್ಬಿಸಿ ಬಚ್ಚಲಿಗೆ ಕರೆದೊಯ್ಯಲು ಒಂದು ಜೀವ ಬೇಕು. ಎರಡು ಮನಸ್ಸಿನಲ್ಲಿ ತಂಗಿಗೆ ಫೋನು ಮಾಡಿದಳು. ಆ ಕಡೆಯ ‘ಹಲೋ’ದಲ್ಲಿ ಮುನಿಸಿತ್ತು, ಮುನಿಸಿನ ಅಡಿಯಲ್ಲಿ ಬರುವ ಮನಸ್ಸೂ ಇತ್ತು. ಫೋನಿಟ್ಟ ಅಕ್ಕ ಅವತ್ತೇ ಶಪಥ ಮಾಡಿದಳು: ಏನಾದರಾಗಲಿ, ಈ ಸಲ ಬಾಯಿಗೆ ಬೀಗ.

ತಂಗಿ ಬಂದಳು. ಬ್ಯಾಗನ್ನು ಬಾಗಿಲ ಹಿಂದೆ ಇಟ್ಟಳೇ ಹೊರತು ಬಟ್ಟೆಯನ್ನು ಬೀರುವಿಗೆ ಜೋಡಿಸಲಿಲ್ಲ. ಬೆಳಿಗ್ಗೆ ಜಿಪ್ಪು ಎಳೆದು ತೆಗೆಯುವುದು, ಒಗೆದು ಒಣಗಿಸಿದ್ದನ್ನು ಸಂಜೆ ಮತ್ತೆ ತುಂಬಿ ಜಿಪ್ಪು ಎಳೆಯುವುದು. ಮಲಗಿದಲ್ಲೇ ಆ ಸದ್ದು ಕೇಳಿದಾಗಲೆಲ್ಲ ಅಕ್ಕನ ಎದೆ ಧಸಕ್ಕೆನ್ನುತ್ತಿತ್ತು. ಒಂದು ಮಾತು ಹೆಚ್ಚುಕಮ್ಮಿಯಾದರೆ ಇವಳು ಸಂಜೆಯ ಬಸ್ಸಿಗೆ ತಯಾರಾಗಿಯೇ ಇದ್ದಾಳೆ.

ಆಸ್ಪತ್ರೆಯಿಂದ ಬಂದ ಮರುದಿನವೇ ತಂಗಿ ಕೇಳಿದಳು, “ಗಿಡಕ್ಕೆ ನೀರು ಗೀರು?”

ವಾರಕ್ಕೊಂದು ಚೊಂಬು ಸಾಕು, ಅದಕ್ಕಿಂತ ಹಾಕಿದರೆ ಜೋಕೆ, ಎಂಬುದು ನಾಲಿಗೆಯ ತುದಿಗೆ ಬಂತು. ಹೇಳಿದರೆ ಹಳೆಯ ಡೇಲಿಯಾ ಎದ್ದು ಕೂರುತ್ತದೆ ಎಂದು ನುಂಗಿಕೊಂಡಳು.

“ನಿನಗೆ ಹೇಗೆ ತೋಚುತ್ತೋ ಹಾಗೆ ಮಾಡೇ,” ಎಂದಳು ಬೆಣ್ಣೆಯಂಥ ದನಿಯಲ್ಲಿ.

ತಂಗಿ ಒಂದು ಗಳಿಗೆ ಅವಳ ಮುಖವನ್ನೇ ನೋಡಿ ಅಡುಗೆಮನೆಗೆ ಹೋದಳು.

ಮಲಗುವ ಕೋಣೆಯ ಕಿಟಕಿಗೆ ಕಾಣುತ್ತಿದ್ದದ್ದು ಪಕ್ಕದ ಮನೆಯ ಗೋಡೆ ಮಾತ್ರ. ಮುಂದಿನ ಅಂಗಳವನ್ನು ಕಿವಿಯಿಂದಲೇ ನೋಡಬೇಕು. ಮರುದಿನ ಬೆಳಗಾಗುತ್ತಲೇ ಹೊರಗಿನ ನಲ್ಲಿ ಕಿರುಗುಟ್ಟಿತು. ಪೈಪು ಗೊಳಗೊಳ ಎಂದಿತು. ಬರಬರುತ್ತ ಮೋರಿಯಲ್ಲಿ ಜುಳುಜುಳು ನೀರು ಹರಿಯುವುದು ಕೇಳಿಸಿತು. ಮೋರಿ ಹರಿಯುತ್ತಿದೆ ಎಂದರೆ ಪಾತಿ ತುಂಬಿ ಹೊರಚೆಲ್ಲಿದೆ ಎಂದೇ ಅರ್ಥ. ಒಂದು ದಿನ ಆಯಿತು, ಎರಡು ದಿನ ಆಯಿತು, ದಿನಾ ಅದೇ ರಾಗ.

ಲೈನಿನಲ್ಲಿ ಇರು, ಬಾಯಿ ಹಾಕಬೇಡ. ಹಲ್ಲು ಕಚ್ಚಿ ಮಲಗಿದಳು.

ಬೇರೆ ಯಾವುದರಲ್ಲೂ ತಂಗಿಗೆ ಹೆಸರಿಡುವಂತಿರಲಿಲ್ಲ. ಹೊತ್ತಿಗೆ ಸರಿಯಾಗಿ ಮಾತ್ರೆ, ಬೆನ್ನಿಗೆ ದಿಂಬು, ಕಾಲಿಗೆ ಐಸಿನ ಚೀಲ. ಬಚ್ಚಲಿಗೆ ಕರೆದೊಯ್ಯುವಾಗ, “ಮೈಮೇಲೆ ಪೂರ್ತಿ ಭಾರ ಹಾಕೇ ಅಕ್ಕ, ಅಕ್ಕಿ ಮೂಟೆ ಎತ್ತಿದವಳು ನಾನು,” ಎನ್ನುತ್ತಿದ್ದಳು. ಅಂಥವಳಿಗೆ ಒಂದು ಮಾತನ್ನು ಹೇಗೆ ಹೇಳುವುದು? ಹೇಳದೆ ಇರುವುದಾದರೂ ಹೇಗೆ? ಅತ್ತ ದರಿ, ಇತ್ತ ಪುಲಿ.

ತಡೆಯಲಾರದೆ ಒಂದು ದಿನ ಕೇಳಿಯೇಬಿಟ್ಟಳು. “ಗಿಡ ಹೇಗಿವೆಯೇ?”

“ಹೂಂ... ಚೆನ್ನಾಗೇ ಇವೆ.”

ಆ ‘ಹೂಂ’ಗೂ ‘ಚೆನ್ನಾಗೇ’ಗೂ ನಡುವೆ ಒಂದು ಕೂದಲೆಳೆಯಷ್ಟು ತಡವರಿಕೆ. ಲಕ್ಷಾಂತರ ಹಲೋ ಕೇಳಿದ ಕಿವಿಗೆ ಅಷ್ಟು ಸಾಲದೇ? ಇವಳು ಏನೋ ಮುಚ್ಚಿಡುತ್ತಿದ್ದಾಳೆ. ಹೋದವು, ಎಲ್ಲ ಹೋದವು. ಬಿಸಿಲನ್ನು ಗೆದ್ದು ಬಂದವು ತಂಗಿಯ ಕೈಯಲ್ಲಿ ಮುಳುಗಿದವು.

ವ್ಯಾಯಾಮ ಮಾಡಿಸಲು ಬರುತ್ತಿದ್ದ ಡಾಕ್ಟರಮ್ಮ ಒಂದು ಬೆಳಿಗ್ಗೆ, “ಇನ್ನು ವಾಕರ್ ಹಿಡ್ಕೊಂಡು ಮುಂದಿನ ಬಾಗಿಲ ತನಕ ಹೋಗ್ಬಹುದು,” ಎಂದು ಹೇಳಿ ಹೋದರು.

“ನಾಳೆ ಹೋಗೋಣ ಅಕ್ಕ, ಇವತ್ತು ಬಿಸಿಲು,” ಎಂದಳು ತಂಗಿ.

“ಬಿಸಿಲೇನು ನನ್ನ ನುಂಗುತ್ತಾ?”

“ನೆಲ ಒದ್ದೆ ಇದೆ, ಜಾರುತ್ತೆ.”

ಒದ್ದೆ ಎಂಬ ಮಾತು ಕೇಳಿ ಅಕ್ಕನ ಉಳಿದ ಆಸೆಯೂ ಒಣಗಿತು. ಆದರೂ ವಾಕರ್ ಊರಿಕೊಂಡು ಎದ್ದಳು. ನಡುಮನೆ ದಾಟುವಾಗ ಮನಸ್ಸಿನಲ್ಲೇ ಉರುಹೊಡೆದಳು: ಹೋದರೆ ಗಿಡ ಹೋಯಿತು, ತಂಗಿ ಹೋದರೆ ಮತ್ತೆ ಸಿಗಲ್ಲ. ಏನು ಕಂಡರೂ ‘ಪರವಾಗಿಲ್ಲ ಬಿಡೇ’ ಎಂದು ನಗಬೇಕು. ಹಿಂದಿನಿಂದ ತಂಗಿ ಅವಳ ಸೊಂಟ ಹಿಡಿದು ಬರುತ್ತಿದ್ದಳು.

ಬಾಗಿಲು ತೆರೆಯಿತು.

ಗೇಟಿನ ಮೇಲೆ ಕಾಗದದ ಹೂ ಬೆಂಕಿ ಹತ್ತಿದಂತೆ ಉರಿಯುತ್ತಿತ್ತು. ಎರಡು ಬಗೆಯ ನಿತ್ಯಪುಷ್ಪವೂ ಪಾತಿಯ ಅಂಚಿನುದ್ದಕ್ಕೂ ಕಿಕ್ಕಿರಿದಿತ್ತು. ಕಣಗಿಲೆ ಗೋಡೆಯಾಚೆ ಇಣುಕುತ್ತಿತ್ತು. ಸಂಜೆಮಲ್ಲಿಗೆ ಸಂಜೆಗಾಗಿ ಮೊಗ್ಗು ಬಿಗಿಹಿಡಿದು ಕಾಯುತ್ತಿತ್ತು. ಪಾತಿಯ ಮಣ್ಣು ಒಣಗಿ ಬಿರುಕು ಬಿಟ್ಟಿತ್ತು. ಮೆಟ್ಟಿಲುಗಳು ಮಾತ್ರ ಕನ್ನಡಿಯಂತೆ ತೊಳೆದು ಹೊಳೆಯುತ್ತಿದ್ದವು. ಮೋರಿಯ ಬಾಯಲ್ಲಿ ಕಾಬಾಳೆ ಆಳೆತ್ತರಕ್ಕೆ ಬೆಳೆದು, ಕುಡಿದ ಮುಖದಂಥ ಕೆಂಪು ಹೂ ಹೊತ್ತು ನಿಂತಿತ್ತು.

ಅಕ್ಕ ಉರುಹೊಡೆದಿದ್ದ ‘ಪರವಾಗಿಲ್ಲ ಬಿಡೇ’ ಎಲ್ಲೋ ಹಾರಿಹೋಯಿತು. ತಲೆಯ ಮೇಲಿನ ಹೊರೆ ಯಾರೋ ಇಳಿಸಿಕೊಂಡ ಹಾಗಾಗಿ, ವಾಕರ್ ಹಿಡಿದೇ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕುಸಿದು ಕೂತಳು.

“ಬೈಬೇಡ ಅಕ್ಕ,” ಎಂದಳು ತಂಗಿ. “ಒಂದು ಹನಿ ನೀರು ಹಾಕಿಲ್ಲ ನಾನು. ಮುಟ್ಟೇ ಇಲ್ಲ.”

“ಮತ್ತೆ ದಿನಾ ಪೈಪಿನ ಸದ್ದು?”

“ಮೆಟ್ಟಿಲು ತೊಳೀತಿದ್ದೆ. ಸದ್ದು ಕೇಳಿದ್ರೆ ಇವಳು ನೀರು ಹಾಕ್ತಿದಾಳೆ ಅಂತ ನಿನಗೆ ನೆಮ್ಮದಿ ಅಲ್ವಾ. ಹಾಕೋಣ ಅಂದ್ರೆ ಭಯ. ನನ್ನ ಕೈ ತಾಗಿದ್ರೆ ಕಳ್ಳಿನೂ ಕೊಳೆಯುತ್ತೆ ಅಂದಿದ್ಯಲ್ಲ. ಅದೂ ಅಲ್ದೆ, ಹೇಗೆ ತೋಚುತ್ತೋ ಹಾಗೆ ಮಾಡು ಅಂದೆ. ಹುಟ್ಟಿದಾಗಿಂದ ನೀನು ಅಷ್ಟು ಮೆತ್ತಗೆ ಮಾತಾಡಿದ್ದು ನಾನು ಕೇಳಿಲ್ಲ. ಪರೀಕ್ಷೆ ಮಾಡ್ತಿದೀಯ ಅಂದ್ಕೊಂಡೆ.”

“ಅಯ್ಯೋ ನನ್ನ ತಾಯಿ,” ಎಂದು ಅಕ್ಕ ಹಣೆ ಚಚ್ಚಿಕೊಂಡಳು. “ಆ ಸದ್ದು ಕೇಳಿ ಕೇಳಿ ನನ್ನ ಜೀವ ಬಾಯಿಗೆ ಬಂದಿತ್ತಲ್ಲೇ. ನೀನು ಎಲ್ಲ ಕೊಳೆಸಿಬಿಟ್ಟೆ ಅಂತ ಒಳಗೊಳಗೇ ಬೇಯ್ತಿದ್ದೆ.”

“ಹಾಗಿದ್ರೆ ಹೇಳ್ಬಾರ್ದಿತ್ತಾ?”

“ಹೇಳಿದ್ರೆ ನೀನು ಬ್ಯಾಗು ಎತ್ಕೊಂಡು ಹೊರಡ್ತಿದ್ದೆ.”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಮೊದಲು ನಕ್ಕವಳು ತಂಗಿ. ಆಮೇಲೆ ಅಕ್ಕನ ನಗು ಶುರುವಾಗಿ, ನಗುವಿಗೆ ಮಂಡಿ ನೊಂದು, ನೋವಿಗೆ ಅಯ್ಯಯ್ಯೋ ಅಂದು, ಮತ್ತೆ ನಕ್ಕಳು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು ಎನ್ನುತ್ತಾರೆ. ಇಲ್ಲಿ ದೊಣ್ಣೆ ಬೀಸಿದವರೇ ಯಾರೂ ಇರಲಿಲ್ಲ.

“ಆ ಮಾತು ನಾನು ಆಡ್ಬಾರ್ದಿತ್ತು ಕಣೇ,” ಎಂದಳು ಅಕ್ಕ, ನಗು ನಿಂತ ಮೇಲೆ.

“ಡೇಲಿಯಾ ಕೊಳೆಸಿದ್ದು ನಿಜ ಬಿಡು.”

“ಅದೂ ನಿಜ. ಈಗ ಆ ಕತ್ತರಿ ತಗೊಂಡು ಕಣಗಿಲೆಯ ಒಂದು ಕೊಂಬೆ ಕತ್ತರಿಸು. ಹಾಲು ಬರುತ್ತೆ, ಕೈ ತೊಳ್ಕೋಬೇಕು. ಆ ಕಡೆ ಮೂಲೆಯಲ್ಲಿ ನೆಡು.”

“ನಾನಾ?”

“ನೀನೇ. ನಾನು ಬಗ್ಗೋಕೆ ಆಗುತ್ತಾ?”

ತಂಗಿ ಕೊಂಬೆ ಕತ್ತರಿಸಿ, ಮಣ್ಣು ಕೆದಕಿ ನೆಟ್ಟಳು. ಹೊಸ ಕೊಂಬೆಗೆ ನೀರು ಬೇಕು ಎಂದು ಅಕ್ಕ ಹೇಳಿದಾಗ, ಚೊಂಬಿನಲ್ಲಿ ತಂದು, ಔಷಧಿ ಹಾಕುವವಳಂತೆ ತೊಟ್ಟು ತೊಟ್ಟಾಗಿ ಬಿಟ್ಟಳು. “ಇನ್ನೂ ಸ್ವಲ್ಪ ಹಾಕೇ,” ಎಂದು ಅಕ್ಕನೇ ಹೇಳಬೇಕಾಯಿತು.

ಆ ಸಂಜೆ ಹಾಸಿಗೆಯಲ್ಲಿದ್ದ ಅಕ್ಕನಿಗೆ ಜಿಪ್ಪು ಎಳೆದ ಸದ್ದು ಕೇಳಿತು. ಎದೆ ಒಮ್ಮೆ ಹೊಡೆದುಕೊಂಡಿತು. ಅದರ ಹಿಂದೆಯೇ ಪಕ್ಕದ ಕೋಣೆಯ ಬೀರುವಿನ ಬಾಗಿಲು ಕೀರ್ ಎಂದಿತು. ಏನೆಂದು ಕಿವಿ ಹೇಳಿತು. ಆದರೆ ಈ ಸಲ ಅವಳು ಕಿವಿಯೊಂದನ್ನೇ ನಂಬಲಿಲ್ಲ. ವಾಕರ್ ಹಿಡಿದು ಎದ್ದು, ಹೆಜ್ಜೆ ಎಣಿಸಿದಂತೆ ನಡೆದು, ಬಾಗಿಲಲ್ಲಿ ನಿಂತು ಕಣ್ಣಾರೆ ನೋಡಿದಳು. ಬ್ಯಾಗು ಬರಿದಾಗಿ ಮಂಚದ ಮೇಲೆ ಮುದುರಿಕೊಂಡಿತ್ತು. ತಂಗಿಯ ಬಟ್ಟೆ ಮೇಲಿನ ಅರೆಗಳನ್ನೆಲ್ಲ ಹಿಡಿದಿತ್ತು.

“ನಿನ್ನವನ್ನ ಕೆಳಗಿನ ಅರೆಗೆ ಹಾಕಿದೀನಿ ಅಕ್ಕ,” ಎಂದಳು ತಂಗಿ, ತಿರುಗಿ ನೋಡದೆ.

“ಕೆಳಗಿಂದ ತೆಗೆಯೋಕೆ ನಾನು ಬಗ್ಗೋ ಹಾಗಿಲ್ವಲ್ಲೇ.”

“ಗೊತ್ತು. ನಾನು ತೆಗೆದುಕೊಡ್ತೀನಿ.”