ಹೊಸ ಹೃದಯ, ಹಳೆಯ ನೆಂಟರು

ಇವತ್ತು ಬೆಳಿಗ್ಗೆ ಆಸ್ಪತ್ರೆಯಿಂದ ಮೊಬೈಲಿಗೆ ಒಂದು ಫಾರಂ ಬಂದಿದೆ. ಹೃದಯ ಬದಲಾಯಿಸಿಕೊಂಡು ಮೂರು ವರ್ಷ ಆಯಿತಲ್ಲ, ನನ್ನ ಜೀವನದ ಗುಣಮಟ್ಟ ಹೇಗಿದೆ ಎಂದು ತಿಳಿಯಬೇಕಂತೆ. ಮೆಟ್ಟಿಲು ಹತ್ತುತ್ತೀರಾ, ನಿದ್ದೆ ಬರುತ್ತದೆಯಾ, ನೆಂಟರಿಷ್ಟರೊಡನೆ ಬೆರೆಯುತ್ತೀರಾ. ಒಂದರಿಂದ ಐದರೊಳಗೆ ಅಂಕ ಕೊಡಿ. ಮೆಟ್ಟಿಲು ಹತ್ತುತ್ತೇನೆ. ನೆಂಟರ ವಿಷಯಕ್ಕೆ ಅಂಕ ಸಾಲುವುದಿಲ್ಲ, ಪುಟಗಳು ಬೇಕು.

ನೀವೇ ಕೇಳಿ. ಆಪರೇಷನ್ ಮುಗಿಸಿ ಸಾಗರದ ಮನೆಗೆ ಬಂದಾಗ ಹೊಸನಗರದ ಚಿಕ್ಕಪ್ಪ ನೋಡಲು ಬಂದರು. ಮಾಸ್ಕ್ ಹಾಕಿಕೊಳ್ಳಿ ಎಂದರೆ ಗಡ್ಡಕ್ಕೆ ಹಾಕಿಕೊಂಡು, ಹತ್ತಿರ ಜರುಗಿ, "ಹೃದಯ ಯಾರ್ದು ಮಾರಾಯ? ನಮ್ಮ ಜನದ್ದೇನಾ?" ಎಂದರು. ಅದನ್ನು ನಮಗೆ ಹೇಳುವುದಿಲ್ಲ ಎಂದೆ. "ಅಷ್ಟು ಓದಿದೋನು, ವಿಚಾರ್ಸದೆ ಹಾಕಿಸ್ಕಂಡ್ಯಾ?"

ನಮ್ಮ ವಂಶದಲ್ಲಿ ಮೊದಲು ಬಿ.ಎ. ಪಾಸು ಮಾಡಿ ಹೈಸ್ಕೂಲ್ ಮೇಷ್ಟ್ರಾದವನು ನಾನು. ಒಡೆಯರ ಗದ್ದೆ ಗೇಣಿಗೆ ಮಾಡುತ್ತಿದ್ದ ನಮ್ಮ ಅಜ್ಜನಿಗೆ ಅವರ ಅಂಗಳದಲ್ಲಿ ಮುಟ್ಟದ ಹಾಗೆ ಮೇಲಿನಿಂದ ಬೊಗಸೆಗೆ ನೀರು ಹೊಯ್ಯುತ್ತಿದ್ದರಂತೆ. ಆ ಅಜ್ಜನ ಮಗ ಈಗ ನನ್ನ ಎದೆಗೂ ಜಾತಿ ಸರ್ಟಿಫಿಕೇಟ್ ಕೇಳುತ್ತಾರೆ.

ಇರಲಿ, ಚಿಕ್ಕಪ್ಪನ ಮಾತಿನಿಂದ ಯಾರೂ ಮತ್ತೆ ಆಸ್ಪತ್ರೆ ಸೇರುವುದಿಲ್ಲ. ನಾನು ಸೇರಿದ್ದು ಮರ್ಯಾದೆಗೆ ಅಂಜಿ.

ಈ ಹೃದಯವನ್ನು ದೇಹ ಹೊರಗಿನದೆಂದು ತಿರಸ್ಕರಿಸದಿರಲಿ ಎಂದು ಬೆಳಿಗ್ಗೆ ಎಂಟಕ್ಕೆ, ಸಂಜೆ ಎಂಟಕ್ಕೆ ಮಾತ್ರೆ ನುಂಗುತ್ತೇನೆ. ಅದೇ ಮಾತ್ರೆ ಸೋಂಕು ತಡೆಯುವ ಶಕ್ತಿಯನ್ನೂ ಕುಗ್ಗಿಸುತ್ತದೆ. ಹಾಗಾಗಿ ಹಸಿ ತರಕಾರಿ ಇಲ್ಲ, ಬಾವಿ ನೀರಿಲ್ಲ. ಎಲ್ಲ ಬೆಂದಿರಬೇಕು, ಕುದ್ದಿರಬೇಕು. ಎರಡು ವರ್ಷದ ಕೆಳಗೆ ಅರಳಸುರಳಿಯ ಅಕ್ಕನ ಮನೆಗೆ ಹೊಸ ಅಕ್ಕಿ ಊಟಕ್ಕೆ ಹೋದಾಗ ನನ್ನ ನೀರು, ನನ್ನ ಟಿಫಿನ್ ಬಾಕ್ಸ್ ಒಯ್ದಿದ್ದೆ. ಪಂಕ್ತಿಯಲ್ಲಿ ಮುಚ್ಚಳ ತೆಗೆದೆನೋ ಇಲ್ಲವೋ, ಬಾವ ಎದುರಿನ ಸಾಲಿನಿಂದ ಶುರು ಮಾಡಿದರು: "ಏನ್ ಮೇಷ್ಟ್ರೇ, ನೀವೂ ಒಡೆಯರಾಗ್ಬಿಟ್ರಾ? ನಮ್ಮನೆ ನೀರು ಮುಟ್ಟಂಗಿಲ್ವಾ?"

ಸಾಲಿಗೆ ಸಾಲೇ ನಕ್ಕಿತು. ಅಕ್ಕ ಕೋಸಂಬರಿಯ ಪಾತ್ರೆ ಹಿಡಿದು ತಲೆ ತಗ್ಗಿಸಿ ನಿಂತಿದ್ದಳು. ಅವಳ ಮುಖ ನೋಡಿ ಎಲೆ ಹಾಕಿಸಿಕೊಂಡೆ. ಕೋಸಂಬರಿ ತಿಂದೆ, ಬಾವಿ ನೀರಿನ ಮಜ್ಜಿಗೆ ಎರಡು ಲೋಟ ಕುಡಿದೆ. ಬಿ.ಎ. ಓದಿದ ಬಾಯಿಗೆ ಒಂದು "ಬೇಡ" ಬರಲಿಲ್ಲ.

ಆಮೇಲೆ ಒಂಬತ್ತು ದಿನ ಆಸ್ಪತ್ರೆ. ಡಾಕ್ಟರು ಬೈದದ್ದನ್ನು ಇಲ್ಲಿ ಬರೆಯುವುದಿಲ್ಲ, ಬೈದದ್ದು ಸರಿ. ಅಕ್ಕನಿಗೆ ಮಾತ್ರ, ಬಸ್ಸಿನ ಪ್ರಯಾಣ ನನಗೆ ಆಗಿಬರಲಿಲ್ಲ ಎಂದು ಸುಳ್ಳು ಹೇಳಿದೆ. ಆ ಸುಳ್ಳನ್ನು ಕಾಪಾಡಲು ಅವಳ ಮನೆಗೆ ಹೋಗುವುದನ್ನೇ ಬಿಟ್ಟೆ. ನನಗೆ ಸೊಕ್ಕು ಬಂದಿದೆ ಎಂದು ಬಾವ ಊರಿಗೆಲ್ಲ ಹೇಳಿಕೊಂಡು ಬಂದರು. ಅಕ್ಕನ ಫೋನೂ ಕಡಿಮೆಯಾಯಿತು.

ಹೋದ ವಾರ ಅವಳೇ ಫೋನ್ ಮಾಡಿ ಈ ವರ್ಷದ ಹೊಸ ಅಕ್ಕಿ ಊಟಕ್ಕೆ ಕರೆದಳು. "ಈ ಸಲನೂ ಬರ್ದಿದ್ರೆ ನಿಂಗೆ ಅಕ್ಕ ಇಲ್ಲ ಅಂತ ತಿಳ್ಕ." ನಿಜ ಹೇಳಿಬಿಟ್ಟೆ.

"ನನ್ನ ಕೈಯಾರೆ ಬಡಿಸಿದ್ನಲ್ಲ," ಎಂದಳು. ಆಮೇಲೆ, "ಹೈಸ್ಕೂಲಲ್ಲಿ ಮಕ್ಳಿಗೆ ಎಂತ ಪಾಠ ಮಾಡ್ತೀಯ ನೀನು? ಸಾಯಕ್ಕೆ ರೆಡಿ, ಬೇಡ ಅನ್ನಕ್ಕೆ ನಾಚ್ಕೆ."

ನಿನ್ನೆ ಹೋಗಿದ್ದೆ. ಯಾರ ಎಲೆಯ ಮೇಲೂ ಹಸಿಯದು ಏನೂ ಇರಲಿಲ್ಲ; ಎಲ್ಲರ ಲೋಟದಲ್ಲೂ ಕುದಿಸಿ ಆರಿಸಿದ ನೀರು. ಬಾವ ಎಲೆಯ ತುದಿ ನೋಡಿ, "ಕೋಸಂಬರಿ ಮರ್ತ್ಯೇನೇ?" ಎಂದರು.

"ಮರ್ತಿಲ್ಲ," ಎಂದಳು ಅಕ್ಕ. "ಬೆಂದಿದ್ದು ಉಂಡ್ರೆ ನಿಮ್ಮ ಮರ್ಯಾದೆ ಎಂತ ಹೋಗಲ್ಲ. ಉಣ್ಣಿ."

ಬಾವ ತಲೆ ಬಗ್ಗಿಸಿ ಉಂಡರು. ನಾನು ಸಾರು ಎರಡು ಸಲ ಹಾಕಿಸಿಕೊಂಡೆ.